ವಿಜ್ಞಾನಿಗಳಿಗೆ ಬರೆದ ಮುಯ್ಯಾಳು ಪತ್ರ

ಎಣಿಸುವ ಕೆಲಸ ನನಗೆ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಎಂದೂ ಅನುಮಾನ ಇರಲಿಲ್ಲ. ಚಳ್ಳಕೆರೆ ದಾಟಿ ನನ್ನಿವಾಳದ ಕಡೆ ಹೋದರೆ ಸಿಗುವ ಒಂದು ಸಣ್ಣ ಒಣಭೂಮಿ ಸಂಶೋಧನಾ ಕೇಂದ್ರದಲ್ಲಿ ನಾನು ಗ್ರಂಥಪಾಲಕ. ಇಪ್ಪತ್ತಾರು ವರ್ಷಗಳಿಂದ ಪ್ರತಿ ಮಾರ್ಚಿನಲ್ಲಿ ಅಲ್ಲಿನ ಪುಸ್ತಕಗಳನ್ನು ಎಣಿಸಿದ್ದೇನೆ. ಪ್ರತಿ ಸಲವೂ ಮೂರು ಪುಸ್ತಕ ಕಡಿಮೆ ಬಂದಿವೆ. ಪ್ರತಿ ಸಲವೂ ಅವೇ ಮೂರು. ಇಷ್ಟು ಕರಾರುವಾಕ್ಕಾಗಿ ಎಣಿಸುವ ಮನುಷ್ಯ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಾರ ಎಂಬ ಸಣ್ಣ ಹೆಮ್ಮೆ ನನಗಿತ್ತು.

ಒಂದು ದಿನ ನಿರ್ದೇಶಕರು ಕರೆದರು. "ರುದ್ರೇಶಪ್ಪ, ನಮ್ಮ ಕೇಂದ್ರ ಇಲ್ಲಿತನಕ ಎಷ್ಟು ಸಂಶೋಧನಾ ಲೇಖನ ಪ್ರಕಟಿಸೈತೆ, ಅವನ್ನ ಹೊರಗಿನ ವಿಜ್ಞಾನಿಗಳು ತಮ್ಮ ಲೇಖನದಾಗೆ ಎಷ್ಟು ಸಲ ಉಲ್ಲೇಖ ಮಾಡ್ಯಾರೆ, ಅದರ ಲೆಕ್ಕ ಬೇಕು. ಮೌಲ್ಯಮಾಪನ ಸಮಿತಿ ಬರ್ತೈತೆ."

"ಎರಡು ದಿನ ಸಾಕು ಸರ್," ಎಂದೆ.

"ಲೆಕ್ಕ ಚೆನ್ನಾಗಿ ಬರ್ಬೇಕು."

"ಬರ್ತೈತೆ ಸರ್."

ಏನು ಬರುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಲೆಕ್ಕ ಚೆನ್ನಾಗಿ ಬರದಿದ್ದರೆ ಏನಾಗುತ್ತದೆ ಎಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕೇಂದ್ರವನ್ನು ದೂರದ ದೊಡ್ಡ ಸಂಸ್ಥೆಯೊಂದರಲ್ಲಿ ವಿಲೀನ ಮಾಡುವುದು, ಜಮೀನನ್ನು ಸೋಲಾರ್ ಫಲಕ ಹಾಕುವವರಿಗೆ ಬಿಟ್ಟುಕೊಡುವುದು. ನಮ್ಮ ಯಾರ ಕೆಲಸಕ್ಕೂ ಕುತ್ತು ಇರಲಿಲ್ಲ. ಎಲ್ಲಿಗಾದರೂ ವರ್ಗ ಮಾಡುತ್ತಿದ್ದರು. ವರ್ಗ ಮಾಡಲು ಆಗದೆ ಇದ್ದದ್ದು ಒಂದೇ ಒಂದು. ಅದು ಡಾಕ್ಟರ್ ನಾಗವೇಣಿಯವರ ಹುಲ್ಲು.

ನಾಗವೇಣಿ ಮೇಡಂ ಹತ್ತೊಂಬತ್ತು ವರ್ಷದ ಹಿಂದೆ ಕೇಂದ್ರದ ಹಿಂಭಾಗದ ನಾಲ್ಕು ಎಕರೆ ಬಯಲಿಗೆ ತಂತಿಬೇಲಿ ಹಾಕಿಸಿದ್ದರು. ಅದಕ್ಕೆ ನಾವು ಹುಲ್ಲಿನ ತಾಕು ಎನ್ನುತ್ತಿದ್ದೆವು. ಅದರೊಳಗೆ ಒಂದು ಕುರಿಯೂ ಕಾಲಿಡುವಂತಿರಲಿಲ್ಲ. ಬೇಲಿಯ ಹೊರಗೆ ಅಷ್ಟೇ ಅಗಲದ ಜಾಗದಲ್ಲಿ ಊರ ಕುರಿಗಳು ಎಂದಿನಂತೆ ಮೇಯುತ್ತಿದ್ದವು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಮೇಡಂ ಒಂದು ಮೀಟರಿನ ಕಬ್ಬಿಣದ ಚೌಕಟ್ಟನ್ನು ನೆಲದ ಮೇಲಿಟ್ಟು, ಅದರೊಳಗೆ ಕರಡದ ಹುಲ್ಲು ಎಷ್ಟು, ಗರಿಕೆ ಎಷ್ಟು ಎಂದು ಮಂಡಿಯೂರಿ ಎಣಿಸುತ್ತಿದ್ದರು. ಆಮೇಲೆ ಚೌಕಟ್ಟನ್ನು ಪಕ್ಕಕ್ಕೆ ಸರಿಸಿ ಮತ್ತೆ ಎಣಿಸುತ್ತಿದ್ದರು. ಹೀಗೆ ಮೂವತ್ತು ವರ್ಷ ಎಣಿಸಿದರೆ, ನಮ್ಮ ಸೀಮೆಯ ಬಯಲನ್ನು ಅದರಷ್ಟಕ್ಕೆ ಬಿಟ್ಟರೆ ಅದು ಚೇತರಿಸಿಕೊಳ್ಳುತ್ತದೋ ಇಲ್ಲವೋ ಎಂದು ಹೇಳಬಹುದು ಎನ್ನುವುದು ಅವರ ನಂಬಿಕೆ. ಅದಕ್ಕೂ ಮುಂಚೆ ಹೇಳಿದರೆ ಅದು ಊಹೆ ಎನ್ನುವುದು ಅವರ ಹಟ. ತಾವು ನಿವೃತ್ತರಾದ ಮೇಲೆ ಉಳಿದ ವರ್ಷಗಳನ್ನು ಮುಂದೆ ಬರುವವರು ಎಣಿಸುತ್ತಾರೆ ಎಂದುಕೊಂಡಿದ್ದರು. ಹೀಗಾಗಿ ಹತ್ತೊಂಬತ್ತು ವರ್ಷಕ್ಕೆ ಅವರು ಬರೆದ ಲೇಖನಗಳು ಮೂರೇ ಮೂರು.

ತಾಕಿನ ಕಾವಲುಗಾರ ಬೋರಯ್ಯ. ತಲೆತಲಾಂತರದಿಂದ ಕುರಿ ಕಾಯುವ ಮನೆತನದವನು. ಅವನಿಗೆ ನಮ್ಮ ಕೇಂದ್ರ ಕೊಟ್ಟ ಕೆಲಸ, ಕುರಿ ಬರದ ಹಾಗೆ ಕಾಯುವುದು. ಸ್ವಂತ ಅಣ್ಣನ ಕುರಿಗಳನ್ನೇ ಅವನು ಎಷ್ಟು ಸಲ ಬೇಲಿಯಿಂದ ಆಚೆ ಅಟ್ಟಿದ್ದನೆಂದರೆ, ಅಣ್ಣತಮ್ಮಂದಿರು ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಮದುವೆ ಮನೆಯಲ್ಲಿ ಎದುರು ಬದುರು ಪಂಕ್ತಿಯಲ್ಲಿ ಕೂತರೂ ಇಬ್ಬರೂ ಎಲೆ ನೋಡಿಕೊಂಡೇ ಉಣ್ಣುತ್ತಿದ್ದರು.

ಹೇಳಿದ ಎರಡು ದಿನದಲ್ಲಿ ನನ್ನ ಲೆಕ್ಕ ಸಿದ್ಧವಾಯಿತು. ನಮ್ಮ ಕೇಂದ್ರದ ಹೆಸರು ಇರುವ ಅಚ್ಚಾದ ಕಾಗದವನ್ನೆಲ್ಲ ಎಣಿಸಿದ್ದೆ. ಶೇಂಗಾ ಎಲೆಚುಕ್ಕೆ ರೋಗಕ್ಕೆ ಏನು ಮಾಡಬೇಕೆಂದು ರೈತರಿಗೆ ಹಂಚಿದ ಕರಪತ್ರಗಳು, ದಿನಪತ್ರಿಕೆಯ ಕೃಷಿ ಪುಟಕ್ಕೆ ಬರೆದವು, ವಾರ್ಷಿಕ ವರದಿಗಳು, ಹಿಂದಿನ ನಿರ್ದೇಶಕರು ನಿವೃತ್ತರಾದಾಗ ತಂದ ಸ್ಮರಣ ಸಂಚಿಕೆ, ಎಲ್ಲ ಸೇರಿ ಒಂದೂವರೆ ಸಾವಿರ ದಾಟಿತು! ನಿರ್ದೇಶಕರು ಅವತ್ತೇ ಸಂಜೆ ಫೋನಿನಲ್ಲಿ ಮೇಲಿನವರಿಗೆ ಆ ಸಂಖ್ಯೆ ಹೇಳಿಬಿಟ್ಟರು.

ಮರುದಿನ ಸಮಿತಿಯ ನಮೂನೆ ಬಂತು. ಅಂತರರಾಷ್ಟ್ರೀಯ ಸೂಚಿಯಲ್ಲಿ ಹೆಸರಿರುವ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾದದ್ದನ್ನು ಮಾತ್ರ ಎಣಿಸತಕ್ಕದ್ದು ಎಂದಿತ್ತು. ಕನ್ನಡದಲ್ಲಿ ಬರೆದ ಒಂದು ಹಾಳೆಯೂ ಆ ಜರಡಿಯಲ್ಲಿ ನಿಲ್ಲಲಿಲ್ಲ. ಮತ್ತೆ ಎಣಿಸಿದೆ. ನಲವತ್ತೊಂದು.

"ಸಾವಿರದ ಐನೂರು ಎಲ್ಲಿಗೆ ಹೋದ್ವು?" ಎಂದರು ನಿರ್ದೇಶಕರು.

"ಅವು ರೈತರಿಗೆ ಹೋದ್ವು ಸರ್."

"ರೈತರು ಎಲ್ಲಾದ್ರೂ ಉಲ್ಲೇಖ ಮಾಡ್ಯಾರೇನು?"

"ಇಲ್ಲ ಸರ್. ಬಿತ್ಯಾರೆ ಅಷ್ಟೇ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಏನಾದರೂ ಮಾಡಿ ಎಂದರು. ಸರ್ಕಾರಿ ಕಚೇರಿಯಲ್ಲಿ ಇದಕ್ಕಿಂತ ಅಪಾಯದ ಆದೇಶ ಇನ್ನೊಂದಿಲ್ಲ.

ನಾನು ಏನಾದರೂ ಮಾಡಿದೆ. ನಮ್ಮಲ್ಲಿ ತಿಪ್ಪೇಸ್ವಾಮಿ ಎಂಬ ವಿಜ್ಞಾನಿಯೊಬ್ಬರಿದ್ದಾರೆ. ನಮ್ಮ ಕಡೆ ಹರಕೆ ಹೊತ್ತು ಹುಟ್ಟಿದ ಗಂಡುಮಗುವಿಗೆಲ್ಲ ಅದೇ ಹೆಸರು. ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನಿಂತು ಒಮ್ಮೆ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಇದು ಗೊತ್ತಿದ್ದೂ ನಾನು ಕಂಪ್ಯೂಟರಿನಲ್ಲಿ ಆ ಹೆಸರು ಹೊಡೆದು, ಬಂದದ್ದನ್ನೆಲ್ಲ ನಮ್ಮ ಪಟ್ಟಿಗೆ ಸೇರಿಸಿದೆ. ಪಟ್ಟಿ ಮೂರು ಪಟ್ಟು ಉದ್ದವಾಯಿತು. ಅದನ್ನು ಮೇಡಂ ಮುಂದೆ ಇಟ್ಟಾಗ ಅವರು ಪೆನ್ಸಿಲ್ ಹಿಡಿದು ಓದತೊಡಗಿದರು.

"ರುದ್ರೇಶಪ್ಪನೋರೆ, ನಮ್ಮ ತಿಪ್ಪೇಸ್ವಾಮಿ ಯಾವಾಗ ದವಡೆ ಹಲ್ಲು ಕಿತ್ರು?"

ನಾನು ಪಟ್ಟಿಯ ಕಡೆ ಬಗ್ಗಿದೆ.

"ಸೇತುವೆಗೆ ಕಾಂಕ್ರೀಟ್ ಹಾಕ್ಯಾರೆ. ಬಾಣಂತಿಯರ ರಕ್ತಹೀನತೆ ನೋಡ್ಯಾರೆ. ಪಾಪ, ಇಲ್ಲಿ ನೋಡಿದ್ರೆ ತೊಗರಿಗೆ ಗೊಬ್ಬರ ಹಾಕ್ಕೊಂಡು ತೆಪ್ಪಗಿರ್ತಾರೆ." ಅವರು ಒಂದೊಂದಾಗಿ ಗೆರೆ ಎಳೆಯುತ್ತ ಹೋದರು. ಕೊನೆಗೆ ಪಟ್ಟಿ ಮತ್ತೆ ನಲವತ್ತೊಂದಕ್ಕೆ ಬಂದು ನಿಂತಿತು. "ಇರೋದು ಇಷ್ಟೇ ಅಂತ ಬರೀರಿ. ಕಡಿಮೆ ಐತೆ ಅನ್ನೋಕೆ ನಾಚ್ಕೆ ಯಾಕೆ?"

ಆ ಮಾತನ್ನು ಕೇಳಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಆದರೆ ಅವರು ಹಾಗೆಂದು ಕಿಟಕಿಯಾಚೆ ತಾಕಿನ ಕಡೆ ನೋಡಿದರು. ಆ ನೋಟ ನನಗೆ ಸಹಿಸಲಾಗಲಿಲ್ಲ. ಇವರ ಹುಲ್ಲನ್ನು ನಾನು ಉಳಿಸಿಯೇ ತೀರುತ್ತೇನೆ ಎಂದು ಆಗಲೇ ತೀರ್ಮಾನಿಸಿದೆ. ಯಾರೂ ಕೇಳಿರಲಿಲ್ಲ.

ಉಲ್ಲೇಖಗಳ ಲೆಕ್ಕ ಲೇಖನಗಳದ್ದಕ್ಕಿಂತ ಬಡಕಲಾಗಿತ್ತು. ಹೊರಗಿನವರು ನಮ್ಮನ್ನು ನೆನೆದದ್ದು ತೀರಾ ಅಪರೂಪ. ನಮ್ಮವರೇ ನಮ್ಮವರನ್ನು ನೆನೆದದ್ದು ಧಾರಾಳವಾಗಿತ್ತು, ಆದರೆ ನಮೂನೆಯ ಪ್ರಕಾರ ಅದು ಲೆಕ್ಕಕ್ಕಿಲ್ಲ. ಮೇಡಂ ಅವರ ಮೂರು ಲೇಖನಗಳಿಗೆ ಬಂದ ಉಲ್ಲೇಖ ಎಣಿಸಲು ಒಂದು ಕೈಯ ಬೆರಳು ಸಾಕಾಯಿತು, ಅದರಲ್ಲೂ ಹೆಬ್ಬೆರಳು ಉಳಿಯಿತು.

ಇಂಥ ಹೊತ್ತಿನಲ್ಲಿ ಒಂದು ಭಾನುವಾರ ರಾಂಪುರದ ಹತ್ತಿರ ನನ್ನ ಹೆಂಡತಿ ಗಿರಿಜೆಯ ತಮ್ಮನ ಹೊಲಕ್ಕೆ ಹೋಗಬೇಕಾಯಿತು. ಶೇಂಗಾ ಕೀಳುವ ಕಾಲ. ಹೊಲದ ತುಂಬ ಜನ. ಕಾಯಿ ಬಿಡಿಸುತ್ತಿದ್ದ ಮುದುಕಿಯೊಬ್ಬರು, "ರಾ ಅಲ್ಲುಡು, ಕೂಚೋ," ಎಂದು ತೆಲುಗಿನಲ್ಲಿ ಕರೆದು, ಆ ಮನೆಯ ಅಳಿಯನಾದ ನನ್ನನ್ನು ಬಳ್ಳಿಯ ರಾಶಿಯ ಪಕ್ಕ ಕೂರಿಸಿದರು. ನಾನೂ ಬಿಡಿಸತೊಡಗಿದೆ. ಮೈದುನ ಬದುವಿನ ಮೇಲೆ ನಿಂತು ಬೆರಳು ಮಡಿಸುತ್ತಿದ್ದ.

"ಏನಪ್ಪಾ ಲೆಕ್ಕ?" ಎಂದೆ.

"ಮುಯ್ಯಾಳು ಬಾವ. ಹನುಮಕ್ಕನ ಹೊಲಕ್ಕೆ ನಮ್ಮನೆಯಿಂದ ಇಬ್ರು ಹೋಗಿದ್ವಿ. ಅವರ ಕಡೆಯಿಂದ ಇವತ್ತು ಒಬ್ರು ಬಂದವ್ರೆ. ಇನ್ನೊಂದಾಳು ಬರ್ಬೇಕು. ಹೇಳಿ ಕಳಿಸೀನಿ."

ಅರ್ಧ ಗಂಟೆಯಲ್ಲಿ ಹನುಮಕ್ಕನ ಸೊಸೆ ಸೆರಗು ಸಿಗಿಸಿಕೊಂಡು ಬಂದವಳೇ ಬಳ್ಳಿ ಕೀಳತೊಡಗಿದಳು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ನನ್ನ ಕೈಯಲ್ಲಿದ್ದ ಶೇಂಗಾ ಕಾಯಿ ಕೈಯಲ್ಲೇ ಉಳಿಯಿತು. ಉಲ್ಲೇಖ ಎಂದರೂ ಇದೇ ಅಲ್ಲವೇ? ನಮ್ಮ ವಿಜ್ಞಾನಿಗಳು ಮೂವತ್ತು ವರ್ಷಗಳಿಂದ ತಮ್ಮ ಲೇಖನಗಳ ಕೊನೆಯಲ್ಲಿ ದೇಶ ವಿದೇಶದವರ ಹೆಸರುಗಳನ್ನು ಬರೆಯುತ್ತಲೇ ಬಂದಿದ್ದಾರೆ. ಎಲ್ಲರ ಹೊಲದಲ್ಲೂ ದುಡಿದಿದ್ದಾರೆ. ಅವರು ನಮ್ಮ ಹೊಲಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ? ಯಾರೂ ಹೇಳಿ ಕಳಿಸಿಲ್ಲ!

ವಾಪಸ್ ಬರುವಾಗ ಬಸ್ಸಿನಲ್ಲಿ ಗಿರಿಜೆಗೆ ಇದನ್ನು ವಿವರಿಸಿದೆ. ಅವಳು ಮೊಳಕಾಲ್ಮೂರಿನ ನೇಕಾರರ ಮಗಳು. ತಪ್ಪು ಎಲ್ಲಿದೆ ಎಂದು ಬಟ್ಟೆ ನೋಡುವ ಹಾಗೆ ಮಾತನ್ನೂ ತಿರುಗಿಸಿ ನೋಡುತ್ತಾಳೆ.

"ರೀ, ಮುಯ್ಯಾಳು ಅನ್ನೋದು ಮುಖ ನೋಡ್ಕೊಂಡು ಬದುಕೋರ ಮಧ್ಯೆ. ನಾಳೆ ನೀರಿಗೆ ಹೋದಾಗ ಎದುರಿಗೆ ಸಿಗ್ತಾರಲ್ಲ ಅನ್ನೋ ಅಂಜಿಕೆಗಾದ್ರೂ ಬರ್ತಾರೆ. ನಿಮ್ಮ ವಿಜ್ಞಾನಿಗಳು ಎಲ್ಲಿ ಸಿಗ್ತಾರೆ?"

"ಇಮೇಲ್‌ನಾಗೆ ಸಿಗ್ತಾರೆ."

"ಅಲ್ಲಿ ಅಂಜಿಕೆ ಇರ್ತೈತೇನು?"

"ನಿನಗೆ ವಿಜ್ಞಾನದ ವಿಷಯ ಗೊತ್ತಾಗಲ್ಲ," ಎಂದೆ. ಅವಳು ರಾಂಪುರದಿಂದ ಚಳ್ಳಕೆರೆಯವರೆಗೆ ಮತ್ತೆ ಮಾತಾಡಲಿಲ್ಲ. ನಾನದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಗಂಡಸು ಮಾಡಬಾರದ ತಪ್ಪು ಅದು.

ಮೂರು ವಾರ ಕೂತು ನಲವತ್ತೊಂದು ಲೇಖನಗಳ ಕೊನೆಯ ಪುಟಗಳನ್ನು ತೆಗೆದು, ನಾವು ಯಾರನ್ನು ಎಷ್ಟು ಸಲ ಉಲ್ಲೇಖಿಸಿದ್ದೇವೆ ಎಂದು ಹೆಸರುವಾರು ಪಟ್ಟಿ ಮಾಡಿದೆ. ನನ್ನ ವೃತ್ತಿಜೀವನದ ಅತ್ಯಂತ ನಿಖರವಾದ ಎಣಿಕೆ ಅದು. ಅವರಲ್ಲಿ ವಿಳಾಸ ಸಿಕ್ಕ ಅರವತ್ತು ಮಂದಿಗೆ ಒಂದು ಪತ್ರ ಬರೆದೆ. ಇಂಗ್ಲಿಷಿನಲ್ಲೇ ಬರೆದೆ, ಅದರ ಸಾರಾಂಶ ಹೀಗಿತ್ತು:

"ಮಾನ್ಯರೇ, ತಮ್ಮ ಲೇಖನವನ್ನು ನಮ್ಮ ಕೇಂದ್ರವು ಇದುವರೆಗೆ ನಾಲ್ಕು ಬಾರಿ ಉಲ್ಲೇಖಿಸಿರುತ್ತದೆ. ಆದರೆ ತಮ್ಮ ಕಡೆಯಿಂದ ನಮ್ಮ ಒಂದು ಲೇಖನವೂ ಉಲ್ಲೇಖಗೊಂಡಿರುವುದು ಕಂಡುಬಂದಿರುವುದಿಲ್ಲ. ನಮ್ಮ ಸೀಮೆಯಲ್ಲಿ ಮುಯ್ಯಾಳು ಎಂಬ ಪದ್ಧತಿ ಇದ್ದು, ಒಬ್ಬರ ಹೊಲದಲ್ಲಿ ದುಡಿದವರ ಹೊಲಕ್ಕೆ ಅವರೂ ಬಂದು ದುಡಿಯುವುದು ವಾಡಿಕೆಯಾಗಿರುತ್ತದೆ. ಈಗ ನಮ್ಮಲ್ಲಿ ಸುಗ್ಗಿಯ ಸಮಯವಾಗಿದ್ದು, ಆಳುಗಳ ತೀವ್ರ ಕೊರತೆ ಇರುತ್ತದೆ. ಕೆಳಗೆ ನಮೂದಿಸಿರುವ ಡಾ. ನಾಗವೇಣಿಯವರ ಮೂರು ಲೇಖನಗಳಲ್ಲಿ ತಮಗೆ ಅನುಕೂಲವಾದುದನ್ನು ಆದಷ್ಟು ಬೇಗ ಉಲ್ಲೇಖಿಸಿ ಸಹಕರಿಸಬೇಕಾಗಿ ಕೋರಿದೆ."

ಕೆಳಗೆ ನನ್ನ ಹೆಸರು, ಹುದ್ದೆ, ಕೇಂದ್ರದ ಮೊಹರು.

ನಿರ್ದೇಶಕರಿಗೆ, "ಹೊರಗಿನೋರಿಗೆ ಒಂದು ವಿನಂತಿ ಪತ್ರ ಕಳಿಸ್ತೀನಿ ಸರ್," ಎಂದೆ. ಅವರು ತಲೆ ಎತ್ತದೆ, "ಕಳಿಸ್ರಿ," ಎಂದರು. ಮೇಡಂಗೆ ಹೇಳಲಿಲ್ಲ. ಉಲ್ಲೇಖಗಳು ಬಂದು ರಾಶಿ ಬಿದ್ದ ಮೇಲೆ ಒಮ್ಮೆಲೇ ಹೇಳಿ ಸಂತೋಷಪಡಿಸೋಣ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹೇಳಿದರೆ ಬೇಡ ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು.

ಉತ್ತರಗಳು ಬಂದವು. ಮೊದಲ ದಿನವೇ ಹದಿನಾಲ್ಕು! ತೆರೆದು ನೋಡಿದರೆ ಹದಿಮೂರು ಮಂದಿ ರಜೆಯಲ್ಲಿದ್ದರು; ಅವರ ಕಂಪ್ಯೂಟರುಗಳೇ ಉತ್ತರ ಕೊಟ್ಟಿದ್ದವು. ಹದಿನಾಲ್ಕನೆಯದು ಒಬ್ಬ ಹೆಣ್ಣುಮಗಳು ಬರೆದದ್ದು. ನೀವು ಪತ್ರ ಬರೆದಿರುವುದು ನನ್ನ ತಂದೆಗೆ, ಅವರು ತೀರಿಕೊಂಡು ಆರು ವರ್ಷವಾಯಿತು, ಅಷ್ಟು ದೂರದ ಊರಿನಲ್ಲಿ ಅವರ ಕೆಲಸವನ್ನು ನಾಲ್ಕು ಸಲ ನೆನೆದಿದ್ದೀರೆಂದು ತಿಳಿದು ಅಮ್ಮ ತುಂಬ ಹೊತ್ತು ಅತ್ತರು, ನಿಮಗೆ ಪ್ರತಿಯಾಗಿ ಏನು ಮಾಡಬಹುದು ತಿಳಿಯುತ್ತಿಲ್ಲ ಎಂದಿತ್ತು. ಆ ಪತ್ರವನ್ನು ಓದಿ ನನಗೂ ಕಣ್ಣು ತುಂಬಿತು. ಸತ್ತವರ ಮನೆಗೆ ಮುಯ್ಯಾಳು ಕೇಳಿ ಕಳಿಸಿದ್ದೆ.

ಇನ್ನಿಬ್ಬರು ಒಪ್ಪಿಕೊಂಡರು. ಒಬ್ಬರು ಬೆಕ್ಕುಗಳ ಚರ್ಮರೋಗದ ಬಗ್ಗೆ ಬರೆದ ಲೇಖನದಲ್ಲಿ, ಇನ್ನೊಬ್ಬರು ರೇಷ್ಮೆ ಬಣ್ಣದ ಬಗ್ಗೆ ಬರೆದದ್ದರಲ್ಲಿ, ಯಾವ ಸಂಬಂಧವೂ ಇಲ್ಲದೆ ಚಳ್ಳಕೆರೆಯ ಹುಲ್ಲನ್ನು ತುರುಕಿದರು. ನಾನು ಹೆಬ್ಬೆರಳನ್ನೂ ಇನ್ನೊಂದು ಕೈಯ ಒಂದು ಬೆರಳನ್ನೂ ಮಡಿಸಿದೆ. ಉಳಿದವರು ಉತ್ತರಿಸಲಿಲ್ಲ. ಅವರಲ್ಲೊಬ್ಬರು ಉತ್ತರಿಸುವ ಬದಲು ನನ್ನ ಪತ್ರವನ್ನು ಸೀದಾ ಮೌಲ್ಯಮಾಪನ ಸಮಿತಿಗೇ ಕಳಿಸಿದ್ದರು. ಅದು ನನಗೆ ಆಮೇಲೆ ತಿಳಿಯಿತು.

ಸಮಿತಿ ಬಂದ ದಿನ ಸಭಾಂಗಣದಲ್ಲಿ ಹೊಸ ಮೇಜುಬಟ್ಟೆ ಹಾಸಿದ್ದೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದ್ದೆವು. ಮೂವರು ಬಂದಿದ್ದರು. ಅಧ್ಯಕ್ಷರು ವಯಸ್ಸಾದವರು, ಮೆತ್ತಗಿನ ದನಿಯವರು. ಬಜ್ಜಿ ತಿಂದು ಕೈ ಒರೆಸಿಕೊಂಡು, ಚೀಲದಿಂದ ಒಂದು ಹಾಳೆ ತೆಗೆದರು. ಮೊಹರಿನಿಂದಲೇ ನನಗೆ ಗುರುತು ಸಿಕ್ಕಿತು.

"ಡಾಕ್ಟರ್ ನಾಗವೇಣಿ ಅಂದ್ರೆ ಯಾರು?"

ಮೇಡಂ ಎದ್ದು ನಿಂತರು. ಅಧ್ಯಕ್ಷರು ಹಾಳೆಯನ್ನು ಅವರ ಮುಂದೆ ಸರಿಸಿದರು. ಮೇಡಂ ಅದನ್ನು ಓದಿದರು. ಮೊದಲಿಂದ ಕೊನೆಯವರೆಗೆ, ಹುಲ್ಲು ಎಣಿಸುವಷ್ಟೇ ನಿಧಾನವಾಗಿ ಓದಿದರು. ಅಷ್ಟು ಹೊತ್ತೂ ನಾನು ಕೂತೇ ಇದ್ದೆ. ಆ ಹೊತ್ತಿನ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ಇದು ನಿಮಗೆ ಗೊತ್ತಿತ್ತಾ?"

ಮೇಡಂ ಬಾಯಿ ತೆರೆಯುವ ಮೊದಲೇ ನಾನು ಎದ್ದೆ. ಎದ್ದ ರಭಸಕ್ಕೆ ಕುರ್ಚಿ ಬಿತ್ತು. "ನಾನು ಬರ್ದಿದ್ದು ಸರ್. ಮೇಡಂಗೆ ಗೊತ್ತಿಲ್ಲ. ನಾನೇ, ನನ್ನ ಸ್ವಂತ ಬುದ್ಧಿಯಿಂದ."

ಅಧ್ಯಕ್ಷರು ನನ್ನನ್ನು ಕನಿಕರದಿಂದ ನೋಡಿದರು. "ನೀವು ಗ್ರಂಥಪಾಲಕರು ಅಲ್ಲವಾ? ಅವರ ಲೇಖನಕ್ಕೆ ಉಲ್ಲೇಖ ಬಂದ್ರೆ ನಿಮಗೇನು ಬರುತ್ತೆ?"

"ಏನೂ ಬರಲ್ಲ ಸರ್."

"ಮತ್ತೆ ಯಾರೂ ಹೇಳದೆ ನೀವ್ಯಾಕೆ ಬರೀತೀರಿ?"

 ಹುಲ್ಲು ಉಳಿಯಲಿ ಎಂದು ಬರೆದೆ ಎಂದರೆ ಯಾರು ನಂಬುತ್ತಾರೆ? ಪಕ್ಕದಲ್ಲಿದ್ದ ಸದಸ್ಯರು ಇನ್ನೊಬ್ಬರ ಕಿವಿಯಲ್ಲಿ, "ಪಾಪ, ನಂಬಿಕಸ್ಥ ಮನುಷ್ಯ," ಎಂದದ್ದು ಕೇಳಿಸಿತು. ಮೇಡಂ ಬರೆಸಿದ್ದಾರೆ, ಇವನು ತಲೆ ಕೊಡುತ್ತಿದ್ದಾನೆ ಎಂದು ಮೂವರೂ ತೀರ್ಮಾನಿಸಿಬಿಟ್ಟಿದ್ದರು. ನನ್ನ ಜೀವನದಲ್ಲಿ ಅಷ್ಟು ಸತ್ಯವನ್ನು ಒಂದೇ ಸಲಕ್ಕೆ ಹೇಳಿದ್ದು ಅದೇ ಮೊದಲು. ಅದರಿಂದಲೇ ಮೇಡಂ ಮೇಲಿನ ಅನುಮಾನ ಗಟ್ಟಿಯಾಯಿತು.

ನಿರ್ದೇಶಕರ ಕಡೆ ನೋಡಿದೆ. ಅವರು ಬಜ್ಜಿಯ ತಟ್ಟೆ ನೋಡುತ್ತಿದ್ದರು.

ಮೇಡಂ ಇಷ್ಟೇ ಹೇಳಿದರು: "ಪತ್ರ ನಮ್ಮ ಕೇಂದ್ರದ್ದೇ ಸರ್. ಬನ್ನಿ, ತಾಕು ತೋರಿಸ್ತೀನಿ."

ಬಿಸಿಲಲ್ಲಿ ಎಲ್ಲರೂ ಬೇಲಿಯ ಹತ್ತಿರ ಹೋದೆವು. ಒಳಗೆ ಮೊಣಕಾಲೆತ್ತರದ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಹೊರಗೆ ಕಲ್ಲು, ಮಣ್ಣು. ಬೋರಯ್ಯ ತಲೆಯ ಟವೆಲ್ ತೆಗೆದು ಕೈಮುಗಿದ. ಅಧ್ಯಕ್ಷರು, "ನೀನೇನಪ್ಪ ಮಾಡ್ತೀಯಾ?" ಎಂದರು.

"ಕುರಿ ಬಿಡಲ್ಲ ಸಾಮಿ. ಹತ್ತೊಂಬತ್ತು ವರ್ಸದಿಂದ ಒಂದ್ ಕುರಿ ಬಿಟ್ಟಿಲ್ಲ. ನಮ್ಮಣ್ಣಂದೂ ಬಿಟ್ಟಿಲ್ಲ. ಅಲ್ಲಿ ನೋಡ್ರಿ, ಆ ಮೂಲ್ಯಾಗೆ ಐತಲ್ಲ, ಅದು ನಮ್ಮಪ್ಪನ ಕಾಲಕ್ಕೆ ಇದ್ದ ಹುಲ್ಲು. ನಾನು ಹುಡುಗ ಇದ್ದಾಗ ನೋಡಿದ್ದೆ. ನಡುವೆ ಇರಲಿಲ್ಲ. ಈಗ ಮೂರು ವರ್ಸ ಆತು, ತಾನೇ ಬಂದೈತೆ."

ಮೇಡಂ ಮುಖ ಅರಳಿತು. ಅಧ್ಯಕ್ಷರೂ ಒಂದು ಕ್ಷಣ ಆ ಮೂಲೆ ನೋಡಿದರು. ಒಳ್ಳೆಯ ಮನುಷ್ಯರೇ ಇರಬೇಕು. "ಇದು ಎಲ್ಲಾದರೂ ಪ್ರಕಟವಾಗಿದೆಯಾ?" ಎಂದು ಕೇಳಿದರು.

"ಇನ್ನೂ ಇಲ್ಲ ಸರ್. ಹನ್ನೊಂದು ವರ್ಷ ಬೇಕು," ಎಂದರು ಮೇಡಂ.

ಅಧ್ಯಕ್ಷರು ಗಡಿಯಾರ ನೋಡಿಕೊಂಡರು.

ಎರಡು ತಿಂಗಳಿಗೆ ಆದೇಶ ಬಂತು. ನನ್ನ ಪತ್ರದಿಂದ ದಕ್ಕಿದ ಎರಡು ಉಲ್ಲೇಖಗಳನ್ನು ಕಳೆದಿದ್ದರು; ಪತ್ರದ ದೆಸೆಯಿಂದ, ಅದಕ್ಕೂ ಮೊದಲು ಪ್ರಾಮಾಣಿಕವಾಗಿ ಬಂದಿದ್ದ ನಾಲ್ಕನ್ನೂ ಸಂಶಯಾಸ್ಪದವೆಂದು ಕಳೆದಿದ್ದರು. ಕೇಂದ್ರ ವಿಲೀನ. ಜಮೀನು ಹಸ್ತಾಂತರ. ಮೇಡಂ ಅವರ ಮೇಲೆ ಕ್ರಮವಿಲ್ಲ, ಎಚ್ಚರಿಕೆ ಮಾತ್ರ. ಆ ಎಚ್ಚರಿಕೆಯ ಪ್ರತಿಗೆ ಸಹಿ ಹಾಕಿಸಿಕೊಂಡು ಬರಲು ನನ್ನನ್ನೇ ಕಳಿಸಿದರು.

ನಾನು ಅವರ ಕೋಣೆಯ ಬಾಗಿಲಲ್ಲಿ ನಿಂತು, "ಮೇಡಂ, ತಪ್ಪಾತು," ಎಂದೆ. ಪತ್ರ ಬರೆಯುವಾಗ ಅಷ್ಟು ಹರಿದಾಡಿದ ಮಾತು ಅವತ್ತು ಅಷ್ಟಕ್ಕೇ ನಿಂತಿತು.

ಅವರು ಸಹ್ಯಾದ್ರಿಯಷ್ಟು ಎತ್ತರದ ಕಾಗದದ ರಾಶಿಯ ಹಿಂದಿನಿಂದ ಸಹಿ ಮಾಡಿದರು. "ಪತ್ರ ಕಳಿಸದೆ ಇದ್ರೂ ಮುಚ್ತಿದ್ರೋ ಏನೋ," ಎಂದರು. ಹಾಳೆಯನ್ನು ನನ್ನ ಕಡೆ ಸರಿಸಿ, "ಆದ್ರೆ ಅದು ಈಗ ನಮಗೆ ಗೊತ್ತಾಗಲ್ಲ ನೋಡ್ರಿ," ಎಂದರು.

ಸೋಲಾರಿನವರು ಬರುವ ಮುಂಚೆ ಮೇಡಂ ಕೊನೆಯ ಸಲ ಎಣಿಸಿದರು. ಚೌಕಟ್ಟು ಹಿಡಿಯಲು ನಾನು ಹೋದೆ. ಅವರು ಬೇಡ ಎನ್ನಲಿಲ್ಲ, ಬನ್ನಿ ಎನ್ನಲೂ ಇಲ್ಲ. ಮೂರು ದಿನ ಮಂಡಿಯೂರಿದ ಮೇಲೆ ನನಗೆ ಗೊತ್ತಾಯಿತು, ನಾನು ಇಪ್ಪತ್ತಾರು ವರ್ಷ ಮಾಡಿದ್ದು ಎಣಿಕೆಯೇ ಅಲ್ಲ ಎಂದು. ನಾಲ್ಕನೆಯ ದಿನ ಅವರು ಪುಸ್ತಕ ಮುಚ್ಚಿ, "ಬೋರಯ್ಯ, ನಿಮ್ಮಣ್ಣನ್ನ ಕರೀರಿ," ಎಂದರು.

ಅಣ್ಣ ಕುರಿಗಳೊಂದಿಗೆ ಬಂದ. ಗೇಟು ತೆರೆದೇ ಇತ್ತು. ಅವನು ಒಳಗೆ ಕಾಲಿಡದೆ ನನ್ನನ್ನು ಕೇಳಿದ, "ಒಳಗೆ ಬಿಟ್ರೆ ಕೇಸ್ ಹಾಕ್ತಾರೇನು ಸಾಮಿ?" ತಮ್ಮನನ್ನು ಕೇಳಲಿಲ್ಲ.

ಬೋರಯ್ಯ ನೆಲ ನೋಡುತ್ತ ಹೇಳಿದ: "ಇಲ್ಲ ಬಾರಣ್ಣ. ಮುಂದಿನ ವಾರ ಹೆಂಗೂ ಮಿಷಿನ್ನು ಬಂದು ಕೆರೀತೈತೆ. ನಮ್ಮ ಕುರಿನಾರ ತಿನ್ಲಿ."

ಎಂಟು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಅಣ್ಣ ಟ್ರ್ರ್ ಎಂದು ಕುರಿಗಳನ್ನು ಒಳಗೆ ಹೊಡೆದ. ಕುರಿಗಳಿಗೆ ಹತ್ತೊಂಬತ್ತು ವರ್ಷದ ಮಹತ್ವ ತಿಳಿಯಲಿಲ್ಲ. ಬೋರಯ್ಯನ ಅಪ್ಪನ ಕಾಲದ ಹುಲ್ಲನ್ನೂ ಉಳಿದದ್ದರ ಜೊತೆಗೇ ತಿಂದವು. ಮೇಡಂ ಗೇಟಿಗೆ ಒರಗಿ ನಿಂತು ನೋಡುತ್ತಿದ್ದರು. ನಾಲ್ಕು ದಿನ ಮೇಯಿಸಿದ ಮೇಲೆ ಬೇಲಿಯ ಒಳಗು ಯಾವುದು, ಹೊರಗು ಯಾವುದು ಎಂದು ಹೇಳಲು ಬೇಲಿಯೇ ಬೇಕಾಗಿತ್ತು. ಆಮೇಲೆ ಬೇಲಿಯನ್ನೂ ಕಿತ್ತರು.

ಮೇಡಂ ವರ್ಗವಾಗಿ ಹೋದರು. ಕೇಂದ್ರದ ಬಾಗಿಲು ಹಾಕುವ ಮುನ್ನ ಅಂತಿಮ ವರದಿ ಆಗಬೇಕಿತ್ತು. ಅದಕ್ಕೂ ಎಣಿಸುವವನು ನಾನೇ. ಕಂಪ್ಯೂಟರಿನಲ್ಲಿ ಕೇಂದ್ರದ ಹೆಸರು ಹೊಡೆದೆ. ನಲವತ್ತೆರಡು ಎಂದು ತೋರಿಸಿತು. ಒಂದು ಹೆಚ್ಚು! ಹುಡುಕಿದರೆ, ಯಾವುದೋ ಚಳಿದೇಶದ ವಿಜ್ಞಾನ ಪತ್ರಿಕೆಯೊಂದು ತನ್ನ ಓದುಗರ ಪತ್ರಗಳ ವಿಭಾಗದಲ್ಲಿ ನನ್ನ ಪತ್ರವನ್ನು ಒಂದಕ್ಷರವೂ ಬಿಡದೆ ಅಚ್ಚು ಹಾಕಿತ್ತು, ವಿಜ್ಞಾನ ಎಲ್ಲಿಗೆ ಬಂದು ನಿಂತಿದೆ ನೋಡಿ ಎಂಬ ಟಿಪ್ಪಣಿಯೊಂದಿಗೆ. ಲೇಖಕರ ಜಾಗದಲ್ಲಿ ನನ್ನ ಹೆಸರು. ವಿಳಾಸ, ನಮ್ಮ ಕೇಂದ್ರ. ಪತ್ರಿಕೆ ಸೂಚಿಯಲ್ಲಿ ಇತ್ತು. ನಿಯಮದ ಪ್ರಕಾರ ಎಣಿಕೆಗೆ ಅರ್ಹ.

ಉಲ್ಲೇಖ ನೋಡಿದೆ. ಉಲ್ಲೇಖದ ಭಿಕ್ಷೆ ಬೇಡುವವರ ಬಗ್ಗೆ, ಎಣಿಕೆಯ ಹುಚ್ಚಿನ ಬಗ್ಗೆ, ಬಡ ಸಂಸ್ಥೆಗಳ ಅಡ್ಡದಾರಿಯ ಬಗ್ಗೆ ಲೇಖನ ಬರೆದವರೆಲ್ಲ ನನ್ನನ್ನು ನೆನೆದಿದ್ದರು. ನಮ್ಮ ಉಳಿದ ನಲವತ್ತೊಂದು ಲೇಖನಗಳಿಗೆ ಒಟ್ಟು ಸೇರಿ ಬಂದದ್ದಕ್ಕಿಂತ ಆ ಒಂದಕ್ಕೆ ಬಂದದ್ದು ಹೆಚ್ಚು. ಪಿಯುಸಿಯಲ್ಲಿ ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಓಡಿಬಂದಿದ್ದ ನಾನು, ನಮ್ಮ ಕೇಂದ್ರದ ಚರಿತ್ರೆಯಲ್ಲೇ ಅತಿ ಪ್ರಭಾವಶಾಲಿ ಸಂಶೋಧಕನಾಗಿದ್ದೆ. ವರದಿಯಲ್ಲಿ ಹಾಗೇ ಬರೆದೆ. ಯಾರೂ ಓದಲಿಲ್ಲ, ತೊಂದರೆಯಾಗಲಿಲ್ಲ.

ಮರುವರ್ಷ ಮೇಡಂ ತಮ್ಮ ನಾಲ್ಕನೆಯ ಲೇಖನ ಪ್ರಕಟಿಸಿದರು. ನನಗೆ ಒಂದು ಪ್ರತಿ ಕಳಿಸಿದ್ದರು, ಜೊತೆಗೆ ಒಂದು ಸಾಲಿನ ಕಾಗದವೂ ಇರಲಿಲ್ಲ. ಮನೆಯ ಜಗಲಿಯಲ್ಲಿ ಕೂತು ಓದಿದೆ. ಹತ್ತೊಂಬತ್ತು ವರ್ಷದ ಹುಲ್ಲು ಅಷ್ಟೂ ಅದರಲ್ಲಿತ್ತು. ಬೋರಯ್ಯನ ಹುಲ್ಲೂ ಇತ್ತು, ಅವನ ಹೆಸರಿನ ಸಮೇತ. ಬಯಲು ಚೇತರಿಸಿಕೊಳ್ಳುತ್ತದೋ ಇಲ್ಲವೋ ಎಂಬುದನ್ನು ಈ ಅಂಕಿಗಳಿಂದ ಹೇಳಲಾಗದು ಎಂದು ಕೊನೆಯಲ್ಲಿ ಬರೆದಿದ್ದರು. ಅದರ ಹಿಂದಿನ ವಾಕ್ಯ ಹೀಗಿತ್ತು: ಮೂವತ್ತು ವರ್ಷಕ್ಕೆಂದು ಯೋಜಿಸಿದ್ದ ಈ ಅಧ್ಯಯನ ಹತ್ತೊಂಬತ್ತನೆಯ ವರ್ಷಕ್ಕೆ ನಿಂತುಹೋಯಿತು. ವಾಕ್ಯದ ತುದಿಯಲ್ಲಿ, ಕಾರಣಕ್ಕೆ ಆಧಾರವಾಗಿ, ಮೂವತ್ತೊಂದು ಎಂಬ ಸಣ್ಣ ಅಂಕಿ.

ಕೊನೆಯ ಪುಟ ತಿರುಗಿಸಿ ಉಲ್ಲೇಖಗಳ ಪಟ್ಟಿಯಲ್ಲಿ ಮೂವತ್ತೊಂದನೆಯ ಹೆಸರು ಯಾವುದೆಂದು ನೋಡಿದೆ.  ಗಿರಿಜೆ ಬಂದು ಪಕ್ಕದಲ್ಲಿ ಕೂತಳು.

"ಏನ್ರೀ ಅದು?"

"ಮೇಡಂ ಲೇಖನದಾಗೆ ನನ್ನ ಹೆಸರು ಬಂದೈತೆ. ನನ್ನ ಆ ಪತ್ರ ಉಲ್ಲೇಖ ಮಾಡ್ಯಾರೆ."

"ಒಳ್ಳೇದಕ್ಕೋ, ಕೆಟ್ಟದ್ದಕ್ಕೋ?"

"ನಮ್ಮ ನಮೂನೆಯಾಗೆ ಆ ಕಲಂ ಇಲ್ಲ," ಎಂದೆ.